ಎಂಜಿನ್ ನಂಬರಿಗೆ ಸುಣ್ಣ

ಯಾರ ಮನೆಗೆ ಹೋದರೂ ಚಹಾ ಕುಡಿದ ಮೇಲೆ ಕಪ್ಪನ್ನು ಮಗುಚಿ ತಳ ನೋಡುವ ಚಟ ನನಗಿದೆ. ತಳದಲ್ಲಿ ಅಂಕಿ ಇದ್ದರೆ ಓದದೆ ಕೆಳಗಿಡಲಾರೆ. ಕಪ್ಪಷ್ಟೇ ಅಲ್ಲ, ಹೊಲಿಗೆ ಯಂತ್ರದ ಹೊಟ್ಟೆ, ಗೋಡೆ ಗಡಿಯಾರದ ಬೆನ್ನು, ಕಿರಾಣಿ ಅಂಗಡಿಯ ತೂಕದ ಕಲ್ಲು, ಯಾವುದನ್ನು ಕಂಡರೂ ನನ್ನ ಕಣ್ಣು ಮೊದಲು ಹುಡುಕುವುದು ಅಂಕಿಯನ್ನೇ. ಒಮ್ಮೆ ಬೀಗರ ಮನೆಯಲ್ಲಿ ಮಾತಿನ ಭರದಲ್ಲಿ ತುಂಬಿದ ಕಪ್ಪನ್ನೇ ಮಗುಚಿ ಅವರ ಹೊಸ ಜಮಖಾನೆಗೆ ಚಹಾ ಕುಡಿಸಿ ಬಂದಿದ್ದೇನೆ. ಅವತ್ತು ದಾರಿಯುದ್ದಕ್ಕೂ ನನ್ನ ಹೆಂಡತಿ ಗಿರಿಜಾ ಮಾತಾಡಲಿಲ್ಲ. ನಮ್ಮ ಹೊಸ್ತಿಲು ದಾಟಿದ ಮೇಲೆ ಅಂದಳು: "ನನ್ನ ಕಟ್ಕೊಂಡು ಇಷ್ಟು ವರ್ಷಾತು. ನನ್ನ ನಂಬರ್ ಎಲ್ಲಿ ಹೊಡದಾರಂತ ಇನ್ನೂ ಸಿಕ್ಕಿಲ್ಲೇನ್ರಿ?"

ಸಿಕ್ಕಿಲ್ಲ. ಅವಳಿಗೆ ಮಾತ್ರ ನನ್ನದು ಸಿಕ್ಕಿದೆ ಎಂಬುದು ಈಚೆಗೆ ಗೊತ್ತಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಸವಣೂರಿನಲ್ಲಿ ನಂಬರ್ ಶಿವಪ್ಪ ಎಂದರೆ ನನ್ನ ಮನೆ ತೋರಿಸುತ್ತಾರೆ. ಬರೀ ಶಿವಪ್ಪ ಎಂದರೆ ಎಲೆತೋಟದವನೊಬ್ಬನ ಮನೆಗೆ ಕಳಿಸುತ್ತಾರೆ. ಹಳೆಯ ಕಾರು, ಜೀಪುಗಳನ್ನು ಕೊಳ್ಳುವವರು ಹಾನಗಲ್ಲಿನಿಂದ, ಶಿಗ್ಗಾವಿಯಿಂದ, ಹಿರೇಕೆರೂರಿನಿಂದ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಗಾಡಿಯೊಳಗಿನ ಎಂಜಿನ್ ಅದರದೇ ಹೌದೋ, ಇಲ್ಲ ಇನ್ನೊಂದರ ಹೊಟ್ಟೆಯಿಂದ ತೆಗೆದು ಹಾಕಿದ್ದೋ, ಪೆಟ್ರೋಲಿಗೆ ಗಾಳಿ ಕಲಸಿ ಎಂಜಿನ್ನಿಗೆ ಉಣಿಸುವ ಕಾರ್ಬ್ಯುರೇಟರ್ ಅದರ ಮೊದಲಿನ ಜೋಡಿಯೋ ಅಥವಾ ಆಮೇಲೆ ಕಟ್ಟಿಕೊಂಡ ಕೂಡಿಕೆಯೋ, ಇದನ್ನು ಲೋಹದ ಮೇಲೆ ಹೊಡೆದ ಅಂಕಿ ನೋಡಿ ಹೇಳುವುದು ನನ್ನ ಕೆಲಸ. ಆಗಿನ ಕಾಲಕ್ಕೆ ಗ್ಯಾರೇಜಿನವರಲ್ಲಿ ಮೆಟ್ರಿಕ್ ಪಾಸಾದವನು ನಾನೊಬ್ಬನೇ. ಗಣಿತದಲ್ಲಿ ಕಷ್ಟಪಟ್ಟು ದಾಟಿದವನಿಗೆ ಅಂಕಿಯೇ ಅನ್ನ ಹಾಕಿತು ಎಂಬುದನ್ನು ನಮ್ಮ ಮಾಸ್ತರರು ಕೇಳಿದ್ದರೆ ನಗುತ್ತಿದ್ದರು.

ಓದುವ ವಿಧಾನ ಸುಲಭ. ಸೀಮೆಎಣ್ಣೆಯಿಂದ ಜಿಡ್ಡು ತೊಳೆಯಬೇಕು. ಒಣ ಅರಿವೆಯಿಂದ ಒರೆಸಿ, ಎಲೆಗೆ ಹಚ್ಚುವ ಸುಣ್ಣವನ್ನು ಹೆಬ್ಬೆರಳಿನಿಂದ ತೀಡಿ, ಅಂಗೈಯಿಂದ ಮೆಲ್ಲಗೆ ಸವರಬೇಕು. ಮೇಲಿನ ಸುಣ್ಣ ಕೈಗೆ ಬರುತ್ತದೆ, ತಗ್ಗಿನಲ್ಲಿದ್ದದ್ದು ಉಳಿಯುತ್ತದೆ. ಕರಿಯ ಕಬ್ಬಿಣದಲ್ಲಿ ಬಿಳಿಯ ಅಂಕಿಗಳು ಒಂದೊಂದಾಗಿ ಮೂಡುತ್ತವೆ. ಬೇರೆ ಊರಿನವರು ಸೀಮೆಸುಣ್ಣ ಉಪಯೋಗಿಸುತ್ತಾರಂತೆ. ನಮ್ಮದು ಎಲೆಯ ಊರು, ಸುಣ್ಣದ ಡಬ್ಬಿ ಇಲ್ಲದ ಕಿಸೆಯೇ ಇಲ್ಲ. ಅಂಕಿ ಮೂಡಿದ ಮೇಲೆ ಅದೇ ಬೆರಳಿನಿಂದ ಒಂದು ಎಲೆ ಮಡಚಿ ಬಾಯಿಗೆ ಹಾಕಿಕೊಳ್ಳುವುದು ನನ್ನ ವಿದ್ಯೆಯ ಕೊನೆಯ ಮಂತ್ರ. ಬಾಯಲ್ಲಿ ಸೀಮೆಎಣ್ಣೆಯ ವಾಸನೆ ಯಾಕೆ ಎಂದು ಹಲ್ಲಿನ ಡಾಕ್ಟರು ಕೇಳಿದ್ದೂ ಉಂಟು.

ಪೆಟ್ಟು ಹಾಕಿ ಮೂಡಿಸಿದ ಅಂಕಿಗಳಲ್ಲಿ ಒಂದು ಜೀವ ಇರುತ್ತದೆ. ಕಾರ್ಖಾನೆಯಲ್ಲಿ ಯಾರೋ ಒಬ್ಬ, ಒಂದು ಕೈಯಲ್ಲಿ ಉಕ್ಕಿನ ಅಚ್ಚು, ಇನ್ನೊಂದರಲ್ಲಿ ಸುತ್ತಿಗೆ ಹಿಡಿದು, ಒಂದೊಂದೇ ಅಂಕಿ ಹೊಡೆದಿರುತ್ತಾನೆ. ನಾಲ್ಕು ಸ್ವಲ್ಪ ವಾಲಿರುತ್ತದೆ, ಒಂಬತ್ತು ಒಂದೆಳೆ ಮೇಲಕ್ಕೆ ಹೋಗಿರುತ್ತದೆ. ಸಂಜೆ ಹೊಡೆದ ಅಂಕಿಗಿಂತ ಮುಂಜಾನೆ ಹೊಡೆದದ್ದು ಆಳ ಎಂದು ನನ್ನ ನಂಬಿಕೆ, ಸಾಬೀತು ಮಾಡಲಾರೆ. ಗೆರೆ ಎಳೆದಂತೆ ನೆಟ್ಟಗಿದ್ದರೆ ನನಗೆ ಸಂಶಯ. ಖೊಟ್ಟಿ ನಂಬರ್ ಹೊಡೆಯುವವನು ಬಹಳ ಜೋಪಾನವಾಗಿ ಹೊಡೆಯುತ್ತಾನೆ.

ಇಷ್ಟೆಲ್ಲ ಬಲ್ಲ ನಾನು ಒಂದು ನಂಬರನ್ನು ತಪ್ಪು ಓದಿದ್ದೇನೆ. ಅದರಿಂದ ಒಬ್ಬ ಮನುಷ್ಯನ ಹೆಸರು ಕೆಟ್ಟಿತು. ಆಮೇಲೆ ನಲವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಹೋದ ತಿಂಗಳು ಒಂದು ಸೋಮವಾರ ಹಾನಗಲ್ಲಿನಿಂದ ಮಂಜುನಾಥ ಫೋನ್ ಮಾಡಿದ. ಅವನದು ಬಟ್ಟೆ ಅಂಗಡಿ, ಹಳೆಯ ಗಾಡಿಗಳ ಹುಚ್ಚು. "ಅಜ್ಜಾರ, ಒಂದು ಕಾರ್ ಸಿಕ್ಕೈತ್ರಿ. ಹಿರೇಕೆರೂರಾಗ ಕಾಳಿನ ಹಗೇವು ಮುಚ್ಚಿದಂಗ ಮುಚ್ಚಿಟ್ಟಿದ್ರು. ಬೇಸ್ತವಾರ ಲಾರಿ ಮ್ಯಾಲೆ ಹಾಕ್ಕೊಂಡು ನಿಮ್ಮ ಮನೀಗೇ ತರ್ತೇನಿ. ನೀವು ನಂಬರ್ ಓದಿ ಹೂಂ ಅಂದ್ರ ಮಾತ್ರ ನಂದು" ಅಂದ. ಹಿಂದೆಯೇ ಮೊಬೈಲಿಗೆ ಒಂದು ಚಿತ್ರ ಕಳಿಸಿದ.

ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದೆ. ದುಂಡು ಮೂತಿ, ತಿಳಿ ಹಸಿರು ಬಣ್ಣ, ಮೇಲೆ ಕೋಳಿಗಳು ಮಾಡಿದ ಗಲೀಜು. ಹಿಂದಿನ ಬಾಗಿಲಿನಲ್ಲಿ ಎತ್ತಿನ ಕೋಡು ತಾಗಿ ಬಿದ್ದ ತಗ್ಗು. ಆ ಎತ್ತು ಹಾಯ್ದದ್ದು ನನ್ನ ಕಣ್ಣೆದುರೇ. ಕೈಯಲ್ಲಿದ್ದ ಎಲೆ ಕೈಯಲ್ಲೇ ಉಳಿಯಿತು.

ಗಿರಿಜಾ ಕೇಳಿದಳು: "ಯಾರ್ದರೆ ಸಾವಿನ ಸುದ್ದಿ ಬಂತೇನ್ರಿ?"

"ಇಲ್ಲ, ಕಾರಿಂದು" ಅಂದೆ.

ಆ ಕಾರು ಹಿರೇಕೆರೂರಿನ ಒಬ್ಬ ಹತ್ತಿ ವ್ಯಾಪಾರಿಯದು. ಆಗ ನಾನೂ ಗೌಸ್ ಮಿಸ್ತ್ರಿಯೂ ಸವಣೂರಿನಲ್ಲಿ ಕೂಡಿ ಗ್ಯಾರೇಜು ನಡೆಸುತ್ತಿದ್ದೆವು. ನನಗಿಂತ ಎರಡು ವರ್ಷ ದೊಡ್ಡವನು, ಗೆಳೆಯ. ನಮ್ಮ ಕೆಲಸ ಹಂಚಿಕೆಯಾಗಿತ್ತು. ಅವನದು ಕಿವಿ, ನನ್ನದು ಕಣ್ಣು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿನ ಮೇಲಿಟ್ಟು, ಹಿಡಿಕೆಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಅವನು ಕೇಳುತ್ತಿದ್ದ. "ಮೂರನೇದು ಕೆಮ್ಮಾಕತ್ತೈತಿ" ಅಂದರೆ ಮೂರನೆಯ ಸಿಲಿಂಡರ್ ಬಿಚ್ಚುವುದು, ಅಷ್ಟೇ. ಅಂಕಿ ಅಕ್ಷರಗಳ ಗೊಡವೆಗೆ ಅವನು ಹೋಗುತ್ತಿರಲಿಲ್ಲ. "ನಂಬರ್ ನಿನ್ನ ಕೆಲಸ, ಸಪ್ಪಳ ನನ್ನ ಕೆಲಸ" ಎನ್ನುತ್ತಿದ್ದ. ತಾನು ಬಿಚ್ಚಿ ಕೂಡಿಸಿದ ಕಾರ್ಬ್ಯುರೇಟರಿನ ಮುಚ್ಚಳದ ಒಳಗೆ ಮಾತ್ರ ಒಲೆಗುಂಡುಗಳ ಹಾಗೆ ಮೂರು ಚುಕ್ಕೆ ಹೊಡೆಯುತ್ತಿದ್ದ. ಅದು ಅವನ ಸಹಿ.

ಆ ಹಸಿರು ಕಾರಿನ ಎಂಜಿನ್ ಬಿಚ್ಚಿ ಗೌಸ್ ಹೊಸದರಂತೆ ಮಾಡಿದ್ದ. ವ್ಯಾಪಾರಿ ಅದನ್ನು ಮಾರಲೆಂದು ಶಿಗ್ಗಾವಿಯ ಒಬ್ಬ ಗಿರಾಕಿಯನ್ನು ಕರೆತಂದರು. ಮಾತುಕತೆ ನಡೆದದ್ದು ಪೇಟೆಯಲ್ಲಿ, ನಮ್ಮೂರಿನ ಹೆಸರಾಂತ ಕರಿದ ತಿಂಡಿ ಖಾರದ ಅಂಗಡಿಯ ಮುಂದೆ. ಗಿರಾಕಿ ಗಾಡಿಯ ನೋಂದಣಿ ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟು, ನಂಬರ್ ತಾಳೆ ನೋಡಿ ಅಂದರು.

ಆ ಮಾದರಿಯ ಕಾರಿನ ನಂಬರನ್ನು ನಾನು ಅಲ್ಲಿಯವರೆಗೆ ಓದಿದ್ದೇ ಇಲ್ಲ. "ಇಂಥದ್ದು ನಾನು ನೋಡಿಲ್ಲ, ಸ್ವಲ್ಪ ತಡೀರಿ" ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಸುತ್ತ ಹತ್ತು ಜನ, ಕೈಯಲ್ಲಿ ಖಾರದ ಪೊಟ್ಟಣ, ಎಲ್ಲರ ಕಣ್ಣೂ ಮೆಟ್ರಿಕ್ ಪಾಸಾದವನ ಮೇಲೆ. ಬಾನೆಟ್ಟು ಎತ್ತಿದೆ. ಎಂಜಿನ್ನಿನ ಪಕ್ಕೆಯಲ್ಲಿ ಬೆರಳುದ್ದದ ಉಬ್ಬು ಅಂಕಿಗಳು ಎದ್ದು ಕಾಣುತ್ತಿದ್ದವು. ಕಿಸೆಯಲ್ಲಿ ಸುಣ್ಣದ ಡಬ್ಬಿ ಇತ್ತು, ತೆಗೆಯಲಿಲ್ಲ. ದೂರದಿಂದಲೇ ಕಾಣುವ ನಂಬರಿಗೆ ಸುಣ್ಣ ಯಾಕೆ? ಅಂಕಿ ಓದಿ ಪುಸ್ತಕದ ಜೊತೆ ತಾಳೆ ನೋಡಿದೆ. ಒಂದಕ್ಕೊಂದು ಸಂಬಂಧವಿಲ್ಲ.

"ಎಂಜಿನ್ ಬದಲಾಗೇತಿ" ಅಂದೆ.

ಎಂಜಿನ್ ಬಿಚ್ಚಿದ್ದು ಗೌಸ್ ಒಬ್ಬನೇ. ಎಲ್ಲರೂ ಅವನ ಕಡೆ ತಿರುಗಿದರು. ಅವನು ನನ್ನ ಕಡೆ ನೋಡಿದ. "ಶಿವ್ಯಾ, ಇನ್ನೊಮ್ಮಿ ನೋಡು" ಅಂದ.

"ನೋಡೂದೇನೈತಿ? ಎದ್ದು ಕಾಣಾಕತ್ತೈತಿ" ಅಂದೆ. ಆ ಮಾತು ಹೇಳಿದ ನನ್ನ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ. ಅದರಲ್ಲಿ ಸಿಟ್ಟಿರಲಿಲ್ಲ, ದುಃಖವಿರಲಿಲ್ಲ. ಹತ್ತು ಜನರ ಮುಂದೆ ಜಾಣನಾದ ಖುಷಿ ಇತ್ತು.

ವ್ಯಾಪಾರಿ ಕೇಳಿದರೆಂದು ಒಂದು ಚೀಟಿಯನ್ನೂ ಬರೆದುಕೊಟ್ಟೆ: "ಎಂಜಿನ್ ಬದಲಾಗಿದೆ." ಕೆಳಗೆ ಇಂಗ್ಲಿಷಿನಲ್ಲಿ, ಬಾಲ ಎಳೆದು ಸಹಿ. ಗೌಸ್ ಆಣೆ ಇಟ್ಟ, ಯಾರೂ ನಂಬಲಿಲ್ಲ. ಅವನ ಗೆಳೆಯನೇ ಹೇಳಿದ ಮೇಲೆ ಇನ್ನೇನು ಎಂದರು ಜನ. ಎಂಜಿನ್ ಕಳ್ಳ ಎಂಬ ಹೆಸರು ಬಿತ್ತು. ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ. ವಾರದೊಳಗೆ ಅವನು ಹೆಂಡತಿಯ ಊರು ರಟ್ಟೀಹಳ್ಳಿಗೆ ಹೋದ. ಮಾರಾಟವಾಗದ ಕಾರು ಹಿರೇಕೆರೂರಿಗೆ ಹೋಗಿ ಕೊಟ್ಟಿಗೆ ಸೇರಿತು.

ಅವನು ಹೋದ ಮರುದಿನ ಶಿಗ್ಗಾವಿಯಲ್ಲಿ ಅದೇ ಮಾದರಿಯ ಇನ್ನೊಂದು ಕಾರು ನೋಡಲು ನನ್ನನ್ನು ಕರೆದರು. ಬಾನೆಟ್ಟು ಎತ್ತಿದೆ. ಪಕ್ಕೆಯಲ್ಲಿ ಬೆರಳುದ್ದದ ಉಬ್ಬು ಅಂಕಿಗಳು. ಅವೇ ಅಂಕಿಗಳು. ಒಂದೂ ಹೆಚ್ಚುಕಡಿಮೆ ಇಲ್ಲ.

ಎರಡು ಎಂಜಿನ್ನಿಗೆ ಒಂದೇ ನಂಬರ್ ಇರುವುದಿಲ್ಲ.  ಕರಗಿದ ಕಬ್ಬಿಣ ಹೊಯ್ಯುವ ಅಚ್ಚಿಗೆ ಒಂದು ನಂಬರ್ ಇರುತ್ತದೆ. ಆ ಅಚ್ಚಿನಲ್ಲಿ ಹುಟ್ಟಿದ ಎಂಜಿನ್ನುಗಳಿಗೆಲ್ಲ ಅದು ಉಬ್ಬಿಕೊಂಡು ಬರುತ್ತದೆ, ಒಂದೇ ಮನೆತನದವರ ಮೂಗಿನ ಹಾಗೆ. ಎಂಜಿನ್ನಿನ ಸ್ವಂತ ನಂಬರ್ ಬೇರೆ. ಅದು ಪೆಟ್ಟು ಹಾಕಿ ಒಳಕ್ಕೆ ಮೂಡಿಸಿದ್ದು. ಅಂದು ಶಿಗ್ಗಾವಿಯ ಕಾರಿನಲ್ಲಿ ಹುಡುಕಿದಾಗ ಅದು ಸಿಕ್ಕಿದ್ದು ಇನ್ನೊಂದು ಮಗ್ಗುಲಲ್ಲಿ, ಡೈನಮೋದ ಹತ್ತಿರ, ಒಂದು ಸಣ್ಣ ಸಪಾಟು ಜಾಗದಲ್ಲಿ. ಹಸಿರು ಕಾರಿನಲ್ಲಿ ಆ ಜಾಗದ ಮೇಲೆ ಯಾರೋ ಬೇರೆ ಡೈನಮೋ ಕೂಡಿಸಲು ಕಬ್ಬಿಣದ ಪಟ್ಟಿ ಬಿಗಿದಿದ್ದರು. ಅದರ ಅಡಿಯಲ್ಲಿ ನಾನು ಇಣುಕಿಯೂ ಇರಲಿಲ್ಲ.

ಅವತ್ತೇ ರಟ್ಟೀಹಳ್ಳಿಗೆ ಹೋಗಬೇಕಿತ್ತು. ನಾಳೆ ಹೋದರಾಯಿತು ಅಂದುಕೊಂಡೆ. ಆ ನಾಳೆಗೆ ನಲವತ್ತು ವರ್ಷ. ನಡುವೆ ಒಮ್ಮೆ ಸವಣೂರಿನ ಬಸ್‌ಸ್ಟ್ಯಾಂಡಿನಲ್ಲಿ ಗೌಸ್ ಎದುರಾದ. ಗಡ್ಡ ನೆರೆತಿತ್ತು. "ಆರಾಮ ಅದೀಯೇನೋ?" ಅಂದ. "ಆರಾಮ, ಬಸ್ ಬಂತು" ಎಂದು ಎದುರಿಗೆ ಹೊರಟಿದ್ದ ಬಸ್ಸು ಹತ್ತಿದೆ. ಅದು ಹತ್ತಿಮತ್ತೂರಿಗೆ ಹೋಗುವ ಬಸ್ಸು. ಹತ್ತಿಮತ್ತೂರಿನಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ, ಪರಿಚಯದವರೂ ಇರಲಿಲ್ಲ. ಅಲ್ಲಿಯ ಕಟ್ಟೆಯ ಮೇಲೆ ಮೂರು ತಾಸು ಕೂತು ಹೊಲಕ್ಕೆ ಹೋಗಿಬರುವವರ ಚಕ್ಕಡಿ ಎಣಿಸಿ ಬಂದೆ.

ಸೋಮವಾರದಿಂದ ಬೇಸ್ತವಾರದವರೆಗೆ ಮೂರು ದಿನ. ಆ ಮೂರು ದಿನ ನಾನು ಏನು ಬಯಸಿದೆ ಎಂಬುದನ್ನು ಬರೆಯಲು ಕೈ ಹಿಂಜರಿಯುತ್ತದೆ. ಹಸಿರು ಕಾರಿನ ಆ ಪಟ್ಟಿ ಬಿಚ್ಚಿ ನಾನೆಂದೂ ನೋಡಿರಲಿಲ್ಲ. ಅದರ ಅಡಿಯ ನಂಬರ್ ನಿಜವಾಗಿಯೂ ಪುಸ್ತಕದ್ದಕ್ಕಿಂತ ಬೇರೆಯಾಗಿದ್ದರೆ? ಗೌಸ್ ನಿಜವಾಗಿಯೂ ಎಂಜಿನ್ ಬದಲಿಸಿದ್ದರೆ? ಆಗ ನಾನು ತಪ್ಪು ದಾರಿಯಿಂದ ಸರಿಯಾದ ಊರು ಮುಟ್ಟಿದಂತೆ ಆಗುತ್ತಿತ್ತು. ದೇವರ ಮುಂದೆ ದೀಪ ಹಚ್ಚುವಾಗ ನನ್ನ ಗೆಳೆಯ ಕಳ್ಳನಾಗಿರಲಿ ಎಂದು ಬೇಡಿಕೊಂಡೆ. ಬಾಯಿಂದಲ್ಲ, ಆದರೆ ಬೇಡಿಕೊಂಡೆ.

ಬೇಸ್ತವಾರ ಹತ್ತು ಗಂಟೆಗೆ ಲಾರಿ ಬಂತು. ಕಾರನ್ನು ಹಲಗೆಯ ಮೇಲಿಂದ ನಮ್ಮ ಅಂಗಳಕ್ಕೆ ಇಳಿಸಿದರು. ಮಂಜುನಾಥ ಹಬ್ಬದ ಬಟ್ಟೆ ಹಾಕಿಕೊಂಡು ಬಂದಿದ್ದ. "ಅಜ್ಜಾರ, ಮೊದಲ ಚಾ ಬ್ಯಾಡ್ರಿ, ಮೊದಲ ನಂಬರ್" ಅಂದ.

ಪುಸ್ತಕ ಅವನ ಕೈಯಲ್ಲಿತ್ತು. ನಾನು ಮೊದಲು ಕಾರ್ಬ್ಯುರೇಟರ್ ತೆಗೆದೆ. ತಡ ಮಾಡುವುದಕ್ಕೆ ಅದೊಂದು ನೆಪ. ಸೀಮೆಎಣ್ಣೆಯಲ್ಲಿ ಅದ್ದಿ, ಕಿವಿಯಂಥ ಅಂಚಿನ ಮೇಲಿನ ನಂಬರಿಗೆ ಸುಣ್ಣ ಹಚ್ಚಿ ಓದಿದೆ. ಈ ಮಾದರಿಯ ಎಂಜಿನ್ನಿಗೆ ಬರುವುದೇ. ಮುಚ್ಚಳ ತೆಗೆದೆ. ಒಳಗೆ, ಮೊನ್ನೆ ಹೊಡೆದಂತೆ, ಮೂರು ಚುಕ್ಕೆ.

"ಇವೇನ್ರಿ?" ಎಂದ ಮಂಜುನಾಥ.

"ಮಿಸ್ತ್ರಿದು ಗುರುತು" ಅಂದೆ. 

ಪಟ್ಟಿಯ ಎರಡು ಬೋಲ್ಟುಗಳು ತುಕ್ಕು ಹಿಡಿದು ಕಲ್ಲಾಗಿದ್ದವು. ಒಂದು ಅರ್ಧ ತಾಸಿಗೆ ಬಂತು, ಎರಡನೆಯದು ಮುರಿಯಿತು. ಪಟ್ಟಿ ಸರಿಸಿದೆ. ಅಡಿಯಲ್ಲಿ ಮಣ್ಣು, ಬಣ್ಣ, ಜಿಡ್ಡು. ತೊಳೆದೆ, ಒರೆಸಿದೆ. ಸುಣ್ಣದ ಡಬ್ಬಿ ತೆರೆಯುವಾಗ ಮುಚ್ಚಳ ಕೆಳಗೆ ಬಿತ್ತು. ಮಂಜುನಾಥ ಎತ್ತಿಕೊಟ್ಟು, "ನೀವು ಓದ್ರಿ, ನಾ ಪುಸ್ತಕ ನೋಡ್ತೇನಿ" ಅಂದ.

ಸವರಿದೆ. ಮೊದಲ ಅಂಕಿ ಬೆಳ್ಳಗಾಯಿತು.

"ಏಳು."

"ಹೂಂ."

"ಸೊನ್ನೆ."

"ಹೂಂ."

"ನಾಲ್ಕು." ಸ್ವಲ್ಪ ವಾಲಿದ ನಾಲ್ಕು. ಜೀವ ಇರುವ ನಾಲ್ಕು. ಅಲ್ಲಿಗೇ ನನಗೆ ಗೊತ್ತಾಯಿತು. ಆದರೂ ಕೊನೆಯ ಅಂಕಿಯ ಮೇಲೆ ತುಕ್ಕಿನ ಒಂದು ಹಕ್ಕಳೆ ಇತ್ತು. ಇನ್ನೂ ಒಂದು ಅಂಕಿ ಉಳಿದಿದೆ, ಒಂದಾದರೂ ತಪ್ಪಬಹುದು ಎಂದು ಮನಸ್ಸು ಹಾತೊರೆಯಿತು. ಉಗುರಿನಿಂದ ಕೆರೆದೆ.

"ಒಂಬತ್ತು."

"ಬರೋಬ್ಬರಿ!" ಎಂದು ಮಂಜುನಾಥ ಚಪ್ಪಾಳೆ ತಟ್ಟಿದ. ಆಮೇಲೆ ಪುಸ್ತಕದ ಹಾಳೆಗಳ ನಡುವಿನಿಂದ ಹಳದಿಯಾದ ಒಂದು ಚೀಟಿ ತೆಗೆದ. "ಹಂಗಾರ ಇದ್ಯಾವನರೀ ಎಂಜಿನ್ ಬದಲಾಗಿದೆ ಅಂತ ಬರದಿದ್ದು? ಸಹಿ ನೋಡ್ರಿ, ಹಾವು ಹರದಂಗೈತಿ. ಯಾರಂತ ಗೊತ್ತಾಕ್ಕೈತೇನ್ರಿ?"

ಈಗ ನನ್ನದು ಕನ್ನಡ ಸಹಿ. ಅವನಿಗೆ ಗೊತ್ತಾಗುವ ಸಾಧ್ಯತೆಯೇ ಇರಲಿಲ್ಲ. "ಯಾವನೋ ತಿಳೀಲಾರದವ ಬರದಾನ. ಹರದು ಒಗೀರಿ" ಅಂದೆ.

ಹೌದು, ಹಾಗೇ ಅಂದೆ. ಇಷ್ಟು ವರ್ಷ ಬೆಂದ ಮೇಲೂ, ನಂಬರ್ ಕಣ್ಣೆದುರು ಬೆಳ್ಳಗೆ ನಿಂತಿರುವಾಗಲೂ, ಬಾಯಿಂದ ಬಂದದ್ದು ಆ ಮಾತೇ. ಸುಳ್ಳೂ ಅಲ್ಲ, ನೋಡಿ. ತಿಳಿಯಲಾರದವನೇ ಬರೆದದ್ದು. ಅಂಜುಬುರುಕನಿಗೆ ಎಂಥ ಹೊತ್ತಿನಲ್ಲೂ ಒಂದು ನಿಜ ಸಿಕ್ಕೇ ಸಿಗುತ್ತದೆ.

ಮಂಜುನಾಥ ಚೀಟಿಯನ್ನು ಹರಿಯಲಿಲ್ಲ. "ಹರಿಬಾರ್ದ್ರಿ. ಹಿರೇಕೆರೂರಿನ ಅಮ್ಮಾರು ಇವತ್ತಿಗೂ ಯಾವನೋ ಸಾಬನ್ನ ಬೈತಾರ. ಎಂಜಿನ್ ಕಳ್ಳ, ನನ್ನ ಗಂಡನ ಕಾರ್ ಕೆಡಿಸಿದ ಅಂತ. ಅವನೂ ಇನ್ನೂ ಅದಾನಂತ, ರಟ್ಟೀಹಳ್ಳ್ಯಾಗ ಪಂಪ್ ರಿಪೇರಿ ಮಾಡ್ತಾನಂತ" ಅಂದ.

ಅಷ್ಟರಲ್ಲಿ ಗಿರಿಜಾ ಚಹಾ ತಂದಳು. ಮಂಜುನಾಥನ ಕೈಯಲ್ಲಿದ್ದ ಚೀಟಿಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಮದುವೆ ಗೊತ್ತಾದ ಮೇಲೆ ನಾನು ಅವಳಿಗೆ ಬರೆದ ಎರಡು ಕಾಗದಗಳ ಕೆಳಗೂ ಅದೇ ಹಾವು ಹರಿದಿದೆ. ಅವು ಅವಳ ಟ್ರಂಕಿನಲ್ಲಿ ಇವತ್ತಿಗೂ ಇವೆ. ತಟ್ಟೆ ಇಟ್ಟು ಒಳಗೆ ಹೋದಳು. ನನ್ನ ನಂಬರ್ ಅವಳಿಗೆ ಸಿಕ್ಕಿದ್ದು ಹೀಗೆ, ಸುಣ್ಣದ ಹಂಗೂ ಇಲ್ಲದೆ.

ನಾನು ಕಾರಿನ ಮಡ್ಗಾರ್ಡು ಹಿಡಿದುಕೊಂಡು ನಿಂತೆ. "ಮಂಜಣ್ಣ, ಆ ಸಹಿ ನಂದು" ಅಂದೆ.

ಅವನು ನಕ್ಕ. ನಾನು ನಗಲಿಲ್ಲ. ಅವನ ನಗು ನಿಧಾನಕ್ಕೆ ಇಳಿಯಿತು. ಎಲ್ಲ ಹೇಳಿದೆ. ಉಬ್ಬು ನಂಬರ್, ಶಿಗ್ಗಾವಿಯ ಕಾರು, ಹತ್ತಿಮತ್ತೂರಿನ ಬಸ್ಸು. ಕೇಳಿಸಿಕೊಂಡು ಅವನು ಚೀಟಿಯನ್ನು ಮಡಚಿ ಪುಸ್ತಕದೊಳಗೆ ಇಟ್ಟ. ಕೊನೆಗೆ, "ಅಜ್ಜಾರ, ನೀವು ಇಷ್ಟು ವರ್ಷ ಓದಿದ್ದ ನಂಬರ್ ಎಲ್ಲಾ ಇನ್ನ ಮ್ಯಾಲೆ ನಾ ಹೆಂಗ ನಂಬ್ಲಿ?" ಎಂದು ಕೇಳಿದ. ಸಿಟ್ಟಿನಿಂದ ಕೇಳಿದ್ದಲ್ಲ, ಅದಕ್ಕೇ ಹೆಚ್ಚು ನಾಟಿತು. 

ಮರುದಿನ ಮುಂಜಾನೆ ರಟ್ಟೀಹಳ್ಳಿಯಲ್ಲಿ ಬಸ್ಸಿಳಿದೆ. ಇಳಿದವನು ನೆಟ್ಟಗೆ ಗೌಸನ ಅಂಗಡಿಗೆ ಹೋದೆನೆಂದು ತಿಳಿಯಬೇಡಿ. ಮೊದಲು ಕದಂಬೇಶ್ವರ ಗುಡಿಗೆ ಹೋದೆ. ಭಕ್ತಿಯಿಂದಲ್ಲ, ಕಾಲು ಹಿಂದೇಟು ಹಾಕಿತು. ಬಹಳ ಹಿಂದೆ ಒಮ್ಮೆ ಅಲ್ಲಿ ಕಲ್ಲಿನ ಶಾಸನ ಓದುವ ಒಬ್ಬ ಪಂಡಿತರನ್ನು ಕಂಡಿದ್ದೆ. ಅವರೂ ನನ್ನ ಹಾಗೆಯೇ ಕಲ್ಲು ತೊಳೆದು, ಬಿಳಿ ಪುಡಿ ತೀಡಿ, ಒರೆಸಿ ಓದುತ್ತಿದ್ದರು. ನಾವಿಬ್ಬರೂ ಒಂದೇ ಕಸುಬಿನವರು ಎಂದು ನಾನು ಹೆಮ್ಮೆಯಿಂದ ಹೇಳಿಕೊಂಡಾಗ ಅವರು ನಕ್ಕು, "ನಮ್ಮ ಕಸುಬಿನಲ್ಲಿ ಕಣ್ಣು ಮಂದವಾದವನಿಂದ ಕೇಡಿಲ್ಲ. ಓದುವ ಮೊದಲೇ ಗೊತ್ತಿರುವವನಿಂದ ಕೇಡು" ಅಂದಿದ್ದರು. ಆಗ ಅದನ್ನು ಶಾಸನದ ಮಾತು ಎಂದುಕೊಂಡಿದ್ದೆ. ಅವರು ಓದುವ ರಾಜರು ಸತ್ತು ಸಾವಿರ ವರ್ಷ. ತಪ್ಪು ಓದಿದರೂ ರಾಜ ಎದ್ದುಬಂದು ಕೇಳುವುದಿಲ್ಲ. ನಾನು ತಪ್ಪು ಓದಿದವನು ಇಲ್ಲೇ ಎರಡು ಓಣಿಯ ಆಚೆ ಪಂಪು ರಿಪೇರಿ ಮಾಡುತ್ತಿದ್ದ.

ಗೌಸ್ ನೆಲದ ಮೇಲೆ ಗೋಣಿಚೀಲ ಹಾಸಿ ಕೂತಿದ್ದ. ಕಣ್ಣಿಗೆ ದಪ್ಪ ಕನ್ನಡಕ. ಎದುರಿಗೆ ಬಿಚ್ಚಿಟ್ಟ ಪಂಪು. ನನ್ನ ಕಾಲನ್ನು ನೋಡಿ, ಆಮೇಲೆ ಮುಖ ನೋಡಿದ.

"ಬಾ ಶಿವ್ಯಾ. ಬಸ್ ತಪ್ಪಿಸಿಕೊಂಡಿಯೇನು?"

ಹತ್ತಿಮತ್ತೂರಿನ ಬಸ್ಸನ್ನು ಅವನೂ ಮರೆತಿರಲಿಲ್ಲ. ನಾನು ಕೂರಲಿಲ್ಲ. ನಿಂತೇ ಹೇಳಿದೆ. "ಗೌಸ್, ಆ ಎಂಜಿನ್ ಬದಲಾಗಿದ್ದಿಲ್ಲ. ನಿನ್ನೆ ನೋಡಿದೆ. ನಾ ಅಚ್ಚಿನ ನಂಬರ್ ಓದಿದ್ದೆ."

ಅವನು ಕೈಯಲ್ಲಿದ್ದ ವಾಶರನ್ನು ಅರಿವೆಯಿಂದ ಒರೆಸುತ್ತ, "ನನಗ್ಯಾಕ ಹೇಳ್ತಿ?" ಅಂದ.

"ಮತ್ಯಾರಿಗೆ ಹೇಳ್ಲಿ?"

"ಎಂಜಿನ್ ಬದಲಾಗಿಲ್ಲಂತ ನನಗ ಅವತ್ತ ಗೊತ್ತಿತ್ತು. ಬಿಚ್ಚಿದವ ನಾ, ಕೂಡಿಸಿದವ ನಾ. ನನ್ನ ಸುದ್ದಿ ನನಗ ಹೇಳಾಕ ಬಸ್ ಚಾರ್ಜ್ ಯಾಕ ಕೊಟ್ಟಿ?" ಕನ್ನಡಕದ ಮೇಲಿಂದ ನೋಡಿದ. "ಅವತ್ತು ಎಲ್ಲಿ ಹೇಳಿದ್ದಿ?"

"ಖಾರದ ಅಂಗಡಿ ಮುಂದ."

"ಅಲ್ಲೇ ಹೇಳು."

"ಅವತ್ತು ಇದ್ದವ್ರು ಒಬ್ರೂ ಇಲ್ಲೋ ಈಗ. ಎಲ್ಲಾರೂ ಹೋದ್ರು."

"ಅಂಗಡಿ ಐತಿಲ್ಲೋ?" ಅಂದ. ಅಷ್ಟು ಹೇಳಿ ಪಂಪಿನ ಕಡೆ ತಿರುಗಿದ. ಚಹಾ ತರಿಸಲಿಲ್ಲ. ನಾನು ತಿರುಗಿ ಹೊರಟಾಗ ಬೆನ್ನ ಹಿಂದಿನಿಂದ, "ಆದಿತ್ಯಾರ ಹತ್ತಕ್ಕ ಬರ್ತೇನಿ. ಕಾರೂ ಅಲ್ಲೇ ಇರ್ಲಿ" ಎಂಬ ಮಾತು ಬಂತು.

ಭಾನುವಾರ ಮಂಜುನಾಥ, ಬಿಚ್ಚಿದ್ದನ್ನೆಲ್ಲ ನಾನು ಮತ್ತೆ ಕೂಡಿಸಿಟ್ಟಿದ್ದ ಕಾರನ್ನು ನಮ್ಮ ಅಂಗಳದಿಂದ ತಳ್ಳಿಸಿಕೊಂಡು ಬಂದು ಖಾರದ ಅಂಗಡಿಯ ಮುಂದೆ ನಿಲ್ಲಿಸಿದ್ದ. ಹಳೆಯ ಅಂಗಡಿಕಾರನ ಮೊಮ್ಮಗ ಈಗ ಕೊಪ್ಪರಿಗೆಯ ಮುಂದೆ. ಹಸಿರು ಕಾರು ನೋಡಲು ಮಂದಿ ಕೂಡಿತು. ಅರ್ಧದಷ್ಟು ಜನ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಗೌಸ್ ಬಸ್ಸಿಳಿದು ನಿಧಾನ ನಡೆದು ಬಂದ. ಬಿಳಿ ಜುಬ್ಬಾ, ಕಿವಿಯಲ್ಲಿ ಅತ್ತರಿನ ಹತ್ತಿ. ಮದುವೆಗೆ ಬಂದವನ ಹಾಗೆ ಅಂಗಡಿಯ ಮರದ ಬಾಕಿನ ಮೇಲೆ ಕೂತ. 

ಮಂಜುನಾಥ ಹಿರೇಕೆರೂರಿನ ಅಮ್ಮನಿಗೆ, ಅಂದರೆ ಆ ಹತ್ತಿ ವ್ಯಾಪಾರಿಯ ಹೆಂಡತಿಗೆ, ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಬಾನೆಟ್ಟಿನ ಮೇಲಿಟ್ಟ. "ಹೇಳ್ರಿ ಅಜ್ಜಾರ."

 ಹೇಳಿದೆ. ನಲವತ್ತು ವರ್ಷದ ಹಿಂದೆ ಇದೇ ಜಾಗದಲ್ಲಿ ನಿಂತು ಈ ಕಾರಿನ ಎಂಜಿನ್ ಬದಲಾಗಿದೆ ಎಂದವನು ನಾನು, ಅದು ಸುಳ್ಳು, ಗೌಸ್ ಮಿಸ್ತ್ರಿ ಏನೂ ಕದ್ದಿಲ್ಲ, ಎಂಟು ದಿನದಲ್ಲೇ ನನಗದು ಗೊತ್ತಾಗಿತ್ತು, ಆದರೂ ಸುಮ್ಮನಿದ್ದೆ. ಕೊನೆಯ ಮಾತು ಹೇಳುವಾಗ ಕೊಪ್ಪರಿಗೆಯ ಎಣ್ಣೆಯ ಸಪ್ಪಳವೊಂದೇ ಕೇಳುತ್ತಿತ್ತು.

ಕುಟುಕಿದವರು ಯಾರೂ ಇಲ್ಲ, ಉಗುಳಿದವರು ಯಾರೂ ಇಲ್ಲ. ಗುಂಪಿನಲ್ಲಿ ಒಬ್ಬ, "ಅಚ್ಚಿನ ನಂಬರ್ ಅಂದ್ರ ಯಾವ್ದ್ರಿ, ತೋರಿಸ್ರಿ" ಅಂದ. ಇನ್ನೊಬ್ಬ ಕಾರಿನ ಬೆಲೆ ಕೇಳಿದ. ಇಷ್ಟು ವರ್ಷ ಯಾವ ಜನರಿಗೆ ಅಂಜಿ ಬಾಯಿ ಮುಚ್ಚಿಕೊಂಡಿದ್ದೆನೋ ಅವರು ಇವರೇ ಆಗಿದ್ದರೆ, ಅಂಜಿದ್ದು ದಂಡ ಎನಿಸಿತು. ಆದರೆ ಫೋನಿನಲ್ಲಿ ಸದ್ದಿಲ್ಲ. ಲೈನ್ ಕಡಿಯಿತೇನೋ ಎಂದು ಮಂಜುನಾಥ ಬಗ್ಗಿ ನೋಡಿದ. ಆಗ ನಡುಗುವ ಮುದಿ ದನಿ ಬಂತು.

"ಹಂಗಾರ ಇಷ್ಟು ವರ್ಷ ನಾ ಬೈದಿದ್ದೆಲ್ಲಾ ಯಾರಿಗೆ ಹೋತು?"

ಗೌಸ್ ಬಾಕಿನಿಂದ ಎದ್ದು ಫೋನಿನ ಹತ್ತಿರ ಬಂದ. "ನನಗ ಮುಟ್ಟ್ಯಾವ್ರಿ ಅಮ್ಮಾರ. ಒಂದೂ ತಪ್ಪಿಲ್ಲ. ಇನ್ನ ಮುಂದಿನ ಬೈಗಳ ಈ ಸವಣೂರಿನವಗ ಕಳಸ್ರಿ."

ಮಂದಿ ನಕ್ಕರು. ಅತ್ತಲಿಂದ ಅಮ್ಮ ನಗಲಿಲ್ಲ. "ಮಿಸ್ತ್ರಿ, ತಪ್ಪಾತಪಾ" ಅಂದಳು. ಗೌಸ್ ಕನ್ನಡಕ ತೆಗೆದು ಜುಬ್ಬಾದ ತುದಿಯಿಂದ ಒರೆಸಿದ, ಎರಡು ಗಾಜನ್ನೂ, ಬಹಳ ಹೊತ್ತು. ಗಾಜಿಗೆ ಏನೂ ಆಗಿರಲಿಲ್ಲ.

ಆಮೇಲೆ ಅವನು ಕಾರ್ಬ್ಯುರೇಟರಿನ ಮುಚ್ಚಳ ತೆಗೆಸಿ ತನ್ನ ಮೂರು ಚುಕ್ಕೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದ. ಬೇರೆ ಬ್ಯಾಟರಿ ಹಚ್ಚಿಸಿ, ಡಬ್ಬಿಯಿಂದ ಪೆಟ್ರೋಲ್ ಹನಿಸಿ ಕಾರನ್ನು ತಳ್ಳಿಸಿದ. ನಾಲ್ಕು ಸಲ ಸೀನಿ ಐದನೆಯ ಸಲಕ್ಕೆ ಎಂಜಿನ್ ಹತ್ತಿಕೊಂಡಿತು. ಯಾರಿಂದಲೋ ಸ್ಕ್ರೂಡ್ರೈವರ್ ಇಸಿದುಕೊಂಡು ತುದಿಯನ್ನು ಎಂಜಿನ್ನಿಗೂ ಹಿಡಿಕೆಯನ್ನು ಕಿವಿಗೂ ಹಚ್ಚಿ ಕಣ್ಣು ಮುಚ್ಚಿದ. "ಎರಡನೇದು ಸುಳ್ಳ ಹೇಳಾಕತ್ತೈತಿ" ಎಂದು ಕಣ್ಣು ತೆರೆಯದೆಯೇ ಹೇಳಿದ. ಪ್ಲಗ್ ಬಿಚ್ಚಿ ನೋಡಿದರೆ ಹೌದು, ಎರಡನೆಯದು ಮಸಿ ಹಿಡಿದಿತ್ತು.

ಖಾರ, ಚಹಾ ಬಂತು. ಗೌಸ್ ಕುಡಿದು ಮುಗಿಸಿ ಗಾಜಿನ ಗ್ಲಾಸನ್ನು ಮಗುಚಿದ. ತಳದಲ್ಲಿ ಒಂದು ಉಬ್ಬು ಅಂಕಿ. ನನ್ನ ಕಡೆ ಸರಿಸಿದ.

"ಓದು."

"ಹದಿನಾಲ್ಕು" ಅಂದೆ.

"ಈ ಗ್ಲಾಸಿಂದೇನು?"

"ಅಲ್ಲ. ಅಚ್ಚಿಂದು. ಆ ಅಚ್ಚಿನ್ಯಾಗ ಬಂದ ಎಲ್ಲಾ ಗ್ಲಾಸಿಗೂ ಇದ ಇರ್ತೈತಿ."

"ಇಷ್ಟು ಕಲಿಯಾಕ ನಲವತ್ತು ವರ್ಷ ಬೇಕಾತೇನಲೇ ಮೆಟ್ರಿಕ್?"

"ಕಲಿಯಾಕ ಎಂಟು ದಿನ ಸಾಕಾತು. ಹೇಳಾಕ ನಲವತ್ತು ವರ್ಷ ಹಿಡೀತು."

ಅವನು ಮಾಫ್ ಮಾಡಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ನಲವತ್ತು ವರ್ಷದ್ದನ್ನು ಒಂದು ಗ್ಲಾಸು ಚಹಾದಲ್ಲಿ ತೊಳೆಯುವ ಆಸೆ ನನಗೂ ಉಳಿದಿರಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅವನು ತಿರುಗಿದ.

"ಸೋಮಾರ ರಟ್ಟೀಹಳ್ಳಿಗೆ ಬಾ. ಒಂದು ಹಳೇ ಜೀಪ್ ಬಂದೈತಿ. ಸಪ್ಪಳ ಬರೋಬ್ಬರಿ ಐತಿ, ನಂಬರ್ ನೋಡಬೇಕು."

"ಬರ್ತೇನಿ" ಅಂದೆ. 

"ಎದ್ದು ಕಂಡ್ರೂ ಸುಣ್ಣ ಹಚ್ಚು" ಅಂದು ಒಳಗೆ ಹೋಗಿ ಕಿಡಕಿಯ ಪಕ್ಕ ಕೂತ.